ಬಾಗುವುದೇ ಉಳಿವಿನ ಹಾದಿ

ಸಂಕಟವು ಎದುರಾದಾಗ ತಲೆಯೆತ್ತಿ ಸೆಣಸುವುದು ಮನುಷ್ಯನ ಸ್ವಭಾವ. ಬಾಗಿದರೆ ಸೋತಂತೆ, ಇಳಿದರೆ ಅಳಿದಂತೆ ಎಂಬುದು ಅವನ ಭ್ರಮೆ. ಆದರೆ ಬಾನಿನಲ್ಲಿ ಯಂತ್ರವು ಕೈಕೊಟ್ಟ ಗಳಿಗೆಯಲ್ಲಿ ಬಾಗಬಲ್ಲವನೇ ಬದುಕುವನು.

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಸಾಂಟಾ ಮೋನಿಕಾ ನಗರದ ಬಳಿ 2015ನೆಯ ಮಾರ್ಚ್ 5ರಂದು ನಡೆದ ಸಂಗತಿಯು ಇದಕ್ಕೆ ನಿದರ್ಶನ. 72 ವರ್ಷದ ಚಲನಚಿತ್ರನಟ ಹ್ಯಾರಿಸನ್ ಫೋರ್ಡರು, 1942ರಲ್ಲಿ ನಿರ್ಮಿತವಾದ ಒಂದೇ ಎಂಜಿನ್ನಿನ ರಯಾನ್ ವಿಮಾನವನ್ನು ಒಬ್ಬರೇ ಹಾರಿಸುತ್ತಿದ್ದರು. ನೆಲ ಬಿಟ್ಟು ಸುಮಾರು 1,100 ಅಡಿ ಏರುವಷ್ಟರಲ್ಲಿ ಎಂಜಿನ್ನು ಶಕ್ತಿಗುಂದಿತು. ಅವರು ಮೊದಲು ಮಾಡಿದ ಕಾರ್ಯವೆಂದರೆ ವಿಮಾನದ ಮೂತಿಯನ್ನು ತಗ್ಗಿಸಿದುದು.

ರೆಕ್ಕೆಗಳ ಮೇಲೆ ಗಾಳಿಯು ತಕ್ಕ ವೇಗದಿಂದ ಹರಿಯುವವರೆಗೆ ಎಂಜಿನ್ನಿಲ್ಲದೆಯೂ ವಿಮಾನವು ತೇಲಬಲ್ಲುದು. ಬೀಳುವ ಭಯದಿಂದ ಮೂತಿಯನ್ನು ಮೇಲೆತ್ತಿದರೆ ವೇಗವು ಕುಂದಿ, ರೆಕ್ಕೆಗಳ ಆಧಾರ ತಪ್ಪಿ ಅದು ಕಲ್ಲಿನಂತೆ ಕೆಡೆಯುವುದು. ತಗ್ಗಿಸಿದರೆ ಇದ್ದ ಎತ್ತರವೇ ವೇಗವಾಗಿ ಪರಿಣಮಿಸಿ ಕಾಯುವುದು. ಅಹಂಕಾರಕ್ಕೂ ಕಿಂಕರಭಾವಕ್ಕೂ ಇರುವ ಅಂತರವು ಇದೇ ಅಲ್ಲವೆ?

ಫೋರ್ಡರು ಹೊರಟ ನಿಲ್ದಾಣದ ಕಡೆಗೇ ತಿರುಗಿದರು. ಅಲ್ಲಿಗೆ ತಲುಪಲಾಗದೆಂದು ಕಂಡೊಡನೆ ಆ ಆಸೆಯನ್ನು ತೊರೆದರು. ಮನೆಗಳ ನಡುವಣ ಗಾಲ್ಫ್ ಆಟದ ಬಯಲಿನಲ್ಲಿ ಇಳಿಯಲು ಮನಸ್ಸು ಮಾಡಿದರು. ಮರದ ತುದಿಗೆ ತಗಲಿ ವಿಮಾನವು ನೆಲಕ್ಕೆ ಬಡಿಯಿತು. ಅವರಿಗೆ ತೀವ್ರ ಗಾಯಗಳಾದರೂ ಪ್ರಾಣವುಳಿಯಿತು. ನೆಲದ ಮೇಲಿದ್ದ ಒಬ್ಬರಿಗೂ ಕೇಡಾಗಲಿಲ್ಲ. ಹಿಂದಿರುಗಿಯೇ ತೀರುವೆನೆಂಬ ಹಟದಲ್ಲಿ ಎತ್ತರವನ್ನೂ ವೇಗವನ್ನೂ ಕಳೆದುಕೊಂಡು ಅಳಿದ ಚಾಲಕರು ಅನೇಕರು.

ತನಿಖೆಯಲ್ಲಿ ಕಂಡ ಕಾರಣವು ಅತ್ಯಲ್ಪವಾದುದು. ಕಾರ್ಬುರೇಟರಿನೊಳಗೆ ಇಂಧನವನ್ನು ಅಳೆದು ಬಿಡುವ ಒಂದು ಸಣ್ಣ ತಿರುಪಿನ ಭಾಗವು ತನ್ನ ನೆಲೆಯಿಂದ ಸಡಿಲಿತ್ತು. ಎಂಜಿನ್ನು ಕುಂದಿದ್ದು ಇಂಧನದ ಕೊರತೆಯಿಂದಲ್ಲ, ಅದು ಮಿತಿಮೀರಿ ಹರಿದುದರಿಂದ. ಆ ಕಾರ್ಬುರೇಟರು ಪುನಃ ಜೋಡಣೆಗೊಂಡು ಸುಮಾರು 17 ವರ್ಷಗಳಾಗಿದ್ದವು. ಕೆಡುಕು ದೊಡ್ಡ ಬಾಗಿಲಿನಿಂದಲೇ ಬರಬೇಕೆಂಬ ನಿಯಮವಿಲ್ಲ; ಕೊರತೆಯಂತೆ ಅತಿಯೂ ಒಳಗಿನ ಜ್ಯೋತಿಯನ್ನು ನಂದಿಸಬಲ್ಲುದು.

ಸಂಸಾರಿಗೂ ಇಂತಹ ಗಳಿಗೆ ಬಾರದಿರದು. ವ್ಯಾಪಾರವು ಕುಸಿದಿರುವಾಗ ಹಿಂದಿನ ಸಿರಿಯ ತೋರಿಕೆಗಾಗಿ ಸಾಲ ಮಾಡಿ ಮಗಳ ಮದುವೆಯನ್ನು ವೈಭವದಿಂದ ನಡೆಸುವವನು ಮೂತಿಯನ್ನು ಮೇಲೆತ್ತಿದವನೇ. ಹೊಲ ಹಂಚಿಹೋದ ಮೇಲೂ ತಮ್ಮನೊಡನೆ ಹಳೆಯ ಹಿರಿತನಕ್ಕಾಗಿ ಸೆಣಸುವವನು ತಲುಪಲಾಗದ ನಿಲ್ದಾಣಕ್ಕೆ ತಿರುಗುವವನೇ. ಇದ್ದುದನ್ನು ಇದ್ದಂತೆ ಕಂಡು, ಹೋದುದನ್ನು ಬಿಟ್ಟು, ಎದುರಿಗಿರುವ ಬಯಲಿನಲ್ಲಿ ಮೆಲ್ಲನೆ ಇಳಿಯುವವನಿಗೆ ಗಾಯವಾದೀತು, ನಾಶವಾಗದು.

ಆದರೆ ಯಂತ್ರವು ನಿಂತ ಮೇಲೆ ಬಾಗುವುದನ್ನು ಕಲಿಯಲು ಸಮಯವಿರದು. ಚಾಲಕನು ಅದನ್ನು ನಿರ್ಭಯದ ದಿನಗಳಲ್ಲಿ ಮತ್ತೆ ಮತ್ತೆ ಅಭ್ಯಾಸಮಾಡಿರುತ್ತಾನೆ. ಹಾಗೆಯೇ ವಿನಯವು ಸುಖದ ದಿನಗಳಲ್ಲಿ ನಿತ್ಯದ ನಡೆಯಾಗಬೇಕು. ಅರಿವು ಆಚಾರವಾಗಿದ್ದವನ ಕೈ, ಭಯದ ಗಳಿಗೆಯಲ್ಲಿಯೂ ತಪ್ಪದು.