ಮನೆಯ ಪಾಠವೂ ನೆರೆಯ ಮಕ್ಕಳೂ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವ ಕುಟುಂಬಗಳು ಪರಸ್ಪರ ಸಹಾಯಕ್ಕಾಗಿ ಒಂದು ಸಂಘವನ್ನು ಕಟ್ಟಿಕೊಳ್ಳುವುದು ಯುಕ್ತವೆ? ತಾಯಿತಂದೆಗಳೇ ಮೊದಲ ಗುರುಗಳೆಂಬುದು ನಿರ್ವಿವಾದ. ಆದರೆ 2010ರ ಏಪ್ರಿಲಿನಿಂದ ಜಾರಿಯಲ್ಲಿರುವ ಶಿಕ್ಷಣದ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ, ಹಕ್ಕು ಮಗುವಿನದು. ಆದುದರಿಂದ ಮನೆಯಲ್ಲಿ ಓದಿಸುವವರು, ಶಾಲೆಯಲ್ಲಿ ಮಗುವಿಗೆ ದೊರೆಯಬಹುದಾಗಿದ್ದ ಸಕಲವನ್ನೂ ತಾವೇ ಒದಗಿಸುವ ಹೊಣೆಯನ್ನು ಹೊತ್ತಂತಾಯಿತು.

ಪಾಠವನ್ನು ಒದಗಿಸಬಹುದು, ಒಡನಾಟವನ್ನು? ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಸೀಮೆಯಲ್ಲಿ ಅನೇಕರ ಮನೆಮಾತು ತೆಲುಗು. ಅಂತಹ ಮಗುವಿನ ನಾಲಗೆಗೆ ಕನ್ನಡವು ಹತ್ತುವುದು ಪುಸ್ತಕಕ್ಕಿಂತ ಹೆಚ್ಚಾಗಿ ಓರಗೆಯವರ ಆಟದಿಂದ, ಜಗಳದಿಂದ. ಈ ಕೊರತೆಯನ್ನು ಒಂದೇ ಮನೆಯು ನೀಗಲಾರದು. ಸಂಘಕ್ಕೆ ಇದೇ ನ್ಯಾಯವಾದ ಕಾರಣ.

ಹಿಂದೆ ಕೂಲಿಮಠಗಳು ನಡೆದುದೂ ಹೀಗೆಯೇ. ಕೆಲವು ಮನೆಯವರು ಸೇರಿ ಅಯ್ಯನೊಬ್ಬನನ್ನು ಇಟ್ಟುಕೊಂಡು, ಜಗಲಿಯ ಮೇಲೆ ಮರಳಿನಲ್ಲಿ ಅಕ್ಷರವನ್ನು ತಿದ್ದಿಸುತ್ತಿದ್ದರು. ಆದರೆ ಆ ಜಗಲಿಯನ್ನು ಹತ್ತಲಾಗದ ಮಕ್ಕಳು ಊರಿನಲ್ಲಿ ಎಷ್ಟೋ ಮಂದಿ ಇದ್ದರು. ಹೆಣ್ಣುಮಕ್ಕಳಂತೂ ಅಲ್ಲಿ ವಿರಳ. ಸರಕಾರಿ ಶಾಲೆಯಲ್ಲಿ ಎಷ್ಟೇ ಕುಂದಿದ್ದರೂ, ಅವರೆಲ್ಲರಿಗೂ ಬಾಗಿಲು ತೆರೆದುದು ಅದೇ.

ಒಂದೇ ಅಂತಸ್ತಿನ, ಒಂದೇ ಅಭಿರುಚಿಯ ಮನೆಗಳು ಮಾತ್ರ ಕೂಡಿದಲ್ಲಿ ಆ ಹಳೆಯ ಜಗಲಿಯೇ ಮರಳಿ ಬಂದೀತು. ಸಂಘವನ್ನು ಕಟ್ಟುವವರು ವಾರಕ್ಕೊಂದು ಸಂಜೆಯಾದರೂ ತಮ್ಮ ಮಕ್ಕಳು ನೆರೆಯ ಶಾಲೆಯ ಮಕ್ಕಳೊಡನೆ ಕಲೆತು ಆಡುವಂತೆ ಏರ್ಪಡಿಸತಕ್ಕದ್ದು. ಹಿರಿಯರಿಗೆ ಧೈರ್ಯವನ್ನು ಕೊಡುವ ಸಂಘವು ಒಳ್ಳೆಯದೇ. ಮಗುವಿಗೆ ತನ್ನಂತಲ್ಲದ ಗೆಳೆಯನೊಬ್ಬನನ್ನು ಕೊಟ್ಟರೆ ಮಾತ್ರ ಅದು ಧರ್ಮ.