ಸತ್ತವಣಿಜ್ಜಾ

ಗೃಹಸ್ಥನಾದ ಉಪಾಸಕನು ಕೈಹಾಕಬಾರದ ವ್ಯಾಪಾರಗಳು ಐದೆಂದು ಅಂಗುತ್ತರನಿಕಾಯವು ಎಣಿಸುವಲ್ಲಿ, ಶಸ್ತ್ರ, ಮಾಂಸ, ಮದ್ಯ, ವಿಷಗಳ ಸಾಲಿನಲ್ಲಿ 'ಸತ್ತವಣಿಜ್ಜಾ' ಎಂಬ ಮಾತೊಂದು ಬರುತ್ತದೆ. ಪಾಳಿಯ 'ಸತ್ತ'ವು ಸಂಸ್ಕೃತದ ಸತ್ತ್ವವೇ, ಜೀವವುಳ್ಳುದು ಎಂದು ಅರ್ಥ. ಪಾಳಿಯ ವ್ಯಾಖ್ಯಾನವಾದ ಅಟ್ಠಕಥೆಯು ಇದನ್ನು ಮನುಷ್ಯವಿಕ್ರಯವೆಂದೇ ವಿವರಿಸಿದೆ. ಕನ್ನಡದ ಕಿವಿಗಾದರೋ ಅದು ಹೆಣದ ವ್ಯಾಪಾರವೆಂದು ಕೇಳಿಸುತ್ತದೆ. ನಿಜಾರ್ಥವನ್ನು ತಿಳಿದ ಮೇಲೆಯೂ ನನ್ನಲ್ಲಿ ಆ ಮೊದಲ ನಡುಕ ಉಳಿದೇ ಇದೆ.

1956ರ ಅಕ್ಟೋಬರ್ 14ರಂದು ಡಾಕ್ಟರ್ ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದ ನಾಗಪುರದ ದೀಕ್ಷಾಭೂಮಿಯಲ್ಲಿ ಈ ಮಾತು ಮರಳಿ ನೆನಪಾಯಿತು. ಅಂದಿನ 22 ಪ್ರತಿಜ್ಞೆಗಳಲ್ಲಿ ಅಷ್ಟಾಂಗಮಾರ್ಗವನ್ನು ಅನುಸರಿಸುವೆನೆಂಬುದೂ ಒಂದು. ಸಮ್ಯಗಾಜೀವವು, ಎಂದರೆ ನ್ಯಾಯವಾದ ಜೀವನೋಪಾಯವು, ಆ ಮಾರ್ಗದ ಅಂಗವಾದುದರಿಂದ, ಮನುಷ್ಯನನ್ನು ಮಾರಿ ಉಣ್ಣೆನೆಂಬ ವ್ರತವೂ ಅದರಲ್ಲಿ ಅಡಗಿತ್ತು. ಡಿಸೆಂಬರ್ 6ರಂದು ಅವರು ತೀರಿಕೊಂಡರು. ಅದೇ ತಿಂಗಳ 30ರಂದು ಸ್ತ್ರೀಯರ ಅನೈತಿಕ ವ್ಯಾಪಾರವನ್ನು ತಡೆಯುವ ಕಾಯಿದೆಯಾಯಿತು. ಅವರ ಅಧ್ಯಕ್ಷತೆಯಲ್ಲಿ ಕರಡು ಸಿದ್ಧವಾದ ಸಂವಿಧಾನವಾದರೋ ಅದಕ್ಕೂ ಮೊದಲೇ, ತನ್ನ 23ನೆಯ ಅನುಚ್ಛೇದದಲ್ಲಿ, ಮಾನವವ್ಯಾಪಾರವನ್ನೂ ಬಿಟ್ಟಿಯನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿ, ಆ ನಿಷೇಧವನ್ನು ಸರ್ಕಾರಕ್ಕೆ ಮಾತ್ರವಲ್ಲದೆ ಮನೆಮನೆಯ ಯಜಮಾನನಿಗೂ ಅನ್ವಯಿಸಿತ್ತು.

ದೀಕ್ಷಾಭೂಮಿಯ ಬೋಧಿವೃಕ್ಷದ ಮೂಲ ಅನುರಾಧಪುರದ್ದು. ಅನುರಾಧಪುರಕ್ಕೆ ಬೋಧಿಯ ಕೊಂಬೆಯನ್ನು ಒಯ್ದವಳು ಅಶೋಕನ ಮಗಳಾದ ಸಂಘಮಿತ್ರೆಯೆಂದು ಮಹಾವಂಶ ಹೇಳುತ್ತದೆ. ಆಕೆಯ ಹೆಸರು ಹೊತ್ತ ರೈಲು ಬಿಹಾರದ ದಾನಾಪುರದಿಂದ ನಾಗಪುರವನ್ನು ಹಾಯ್ದು ಬೆಂಗಳೂರಿಗೆ ಬರುತ್ತದೆ. ಅದರ ಜನರಲ್ ಬೋಗಿಯ ಬಾಗಿಲಲ್ಲಿ ಏಳೆಂಟು ಹುಡುಗರನ್ನು ಕಂಡೆನು: ಎಲ್ಲರ ಕಾಲಲ್ಲೂ ಒಂದೇ ಬಗೆಯ ಹೊಸ ಹವಾಯಿ ಚಪ್ಪಲಿ, ಎಲ್ಲರ ಟಿಕೆಟ್ಟೂ ಒಬ್ಬನೇ ಹಿರಿಯನ ಜೇಬಿನಲ್ಲಿ. ನೀರು ಹಿಡಿಯಲು ಇಳಿಯಬೇಕೆಂದವನು ಮೊದಲು ಆತನ ಮುಖ ನೋಡಿದನು. ಆತನು ಸೋದರಮಾವನೋ ದಲ್ಲಾಳಿಯೋ ಎಂಬುದನ್ನು ಕಣ್ಣು ಹೇಳಲಾರದು. ಮಾನವವ್ಯಾಪಾರವನ್ನು ಕುರಿತ 2000ದ ಪಲೆರ್ಮೊ ಒಡಂಬಡಿಕೆಯು ಇಂಥಲ್ಲಿ ಮೂರನ್ನು ವಿಚಾರಿಸುತ್ತದೆ: ಮಾಡಿದ ಕೃತ್ಯ, ಹೂಡಿದ ಉಪಾಯ, ಹಿಂದಿದ್ದ ಉದ್ದೇಶ. ಬಾಲಕರ ವಿಷಯದಲ್ಲಿ ಉಪಾಯವನ್ನು ಕೇಳುವುದೂ ಇಲ್ಲ. ಭಾರತವು ಅದನ್ನು 2011ರಲ್ಲಿ ಅಂಗೀಕರಿಸಿತು. 2013ರಲ್ಲಿ ದಂಡಸಂಹಿತೆಯ 370ನೆಯ ಕಲಮಿಗೆ ಬಂದ ಆ ತತ್ತ್ವವು ಈಗ ಭಾರತೀಯ ನ್ಯಾಯಸಂಹಿತೆಯ 143ನೆಯದರಲ್ಲಿದೆ. ಮಾರಲ್ಪಟ್ಟವನು 'ಒಪ್ಪಿದ್ದೆ' ಎಂದರೂ ಮಾರಿದವನ ಅಪರಾಧ ಅಳಿಯದು.

ಧರ್ಮಜಿಜ್ಞಾಸೆ ಮೊದಲಾಗುವುದು ಇಲ್ಲಿಯೇ. ಮನುಷ್ಯನು ತನಗೆ ತಾನು ಸ್ವತ್ತೆ? ವಿಶ್ವಾಮಿತ್ರನ ಋಣಕ್ಕಾಗಿ ಹರಿಶ್ಚಂದ್ರನು ಕಾಶಿಯ ಬೀದಿಯಲ್ಲಿ ಹೆಂಡತಿಮಕ್ಕಳನ್ನು ಮಾರಿ, ಕಡೆಗೆ ತನ್ನನ್ನೇ ಮಾರಿಕೊಂಡುದನ್ನು ರಾಘವಾಂಕನಲ್ಲಿ ಓದಿ ಅತ್ತ ನಾವು, ಅವನ ಸತ್ಯವನ್ನು ಹೊಗಳಿದೆವಲ್ಲದೆ, ಚಂದ್ರಮತಿಯನ್ನು ಕೊಂಡವನಿಗೆ ಆ ಹಕ್ಕೆಲ್ಲಿಂದ ಬಂದಿತೆಂದು ಕೇಳಲಿಲ್ಲ. ಸಾಲವು ಕೊರಳಿಗೆ ಬಂದಾಗ ಆಡಿದ 'ಹೂಂ' ಎಂಬುದನ್ನು ಸಮ್ಮತಿಯೆಂದು ನಾನು ಒಪ್ಪಲಾರೆ. ಬುದ್ಧನ ನಿಯಮವಂತೂ ಮಾರಾಟಕ್ಕೆ ಬಂದವನೊಡನೆ ಮಾತನಾಡುವುದೇ ಇಲ್ಲ. ಅದರ ಮಾತೆಲ್ಲ ವರ್ತಕನೊಡನೆ.

2021ರ ಆಗಸ್ಟಿನಲ್ಲಿ ನಾಗಪುರದ ಪೊಲೀಸರು ಇತವಾರಿಯ ಬಳಿಯ ಗಂಗಾ-ಜಮುನಾ ಎಂಬ ವೇಶ್ಯಾವಾಟಿಕೆಗೆ ಅಡ್ಡಗಟ್ಟೆ ಹಾಕಿ ಮುಚ್ಚಿದಾಗ, ಅಲ್ಲಿನ ಹೆಂಗಸರು ಬೀದಿಗಿಳಿದು ಪ್ರತಿಭಟಿಸಿದರು. ಅಪ್ರಾಪ್ತ ಬಾಲಿಕೆಯರನ್ನು ಉಳಿಸಬೇಕೆಂಬ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಆ ಹೆಂಗಸರ ಕೂಗನ್ನು ನಿರ್ಲಜ್ಜತೆಯೆಂದವರ ಮಾತು ನನ್ನನ್ನು ನೋಯಿಸಿತು. ಅಡ್ಡಗಟ್ಟೆಯೊಳಗೆ ಸಿಕ್ಕಿದ್ದುದು ಅವರ ಒಲೆ, ಅವರ ಮಕ್ಕಳ ಪಾಟಿಚೀಲ. ಎಲ್ಲಿಯೋ ಒಂದು ಹಳ್ಳಿಯಲ್ಲಿ ಮುಂಗಡ ಎಣಿಸಿ ಕೊಟ್ಟು, ಹುಡುಗಿಯ ಟಿಕೆಟ್ಟನ್ನು ತನ್ನ ಜೇಬಿನಲ್ಲಿಟ್ಟುಕೊಂಡು ರೈಲು ಹತ್ತಿದವನ ಮನೆಯ ಬಾಗಿಲಿಗೆ ಆ ಬೇಲಿಯು ಮುಟ್ಟುವುದಿಲ್ಲ.