ಬಂಧನಕ್ಕೆ ಮುಂಚಿನ ಜಾಮೀನು

ಸಮಾಲೋಚಕಿ: ಕಿರುಕುಳದ ದೂರು ಕೊಟ್ಟು ನನ್ನ ಬಳಿ ಬರುತ್ತಿರುವ ಹೆಂಗಸೊಬ್ಬಳ ಗಂಡನಿಗೆ ನಿರೀಕ್ಷಣಾ ಜಾಮೀನು ಸಿಕ್ಕಿತಂತೆ. ‘ಹಾಗಾದರೆ ನಾನು ಹೇಳಿದ್ದೆಲ್ಲ ಸುಳ್ಳು ಅಂತಾಯಿತಾ ಮೇಡಂ?’ ಅಂತ ಕೇಳುತ್ತಿದ್ದಾಳೆ. ಏನು ಹೇಳಲಿ?

ವಕೀಲ: ಇಲ್ಲ ಅಂತಲೇ ಹೇಳಿ. ಕೋರ್ಟು ಇನ್ನೂ ಸಾಕ್ಷಿ ಕೇಳಿಲ್ಲ. ಈಗಲೇ ಅವನನ್ನು ಒಳಗೆ ಹಾಕುವ ಅಗತ್ಯ ಇದೆಯೇ ಎಂದಷ್ಟೇ ನೋಡಿದೆ. ತಪ್ಪು ಸಾಬೀತಾಗುವ ಮೊದಲೇ ಜೈಲಾದರೆ ವಿಚಾರಣೆ ಯಾತಕ್ಕೆ?

ಸಮಾಲೋಚಕಿ: ಇವಳು ಮನೆ ಬಿಟ್ಟದ್ದು ಯಾವ ವಿಚಾರಣೆಯಾದ ಮೇಲೆ? ಮಾರ್ಕ್ಸ್ ಕಾರ್ಡು, ತವರಿನ ಎರಡು ಬಳೆ, ಮಗುವಿನ ಲಸಿಕೆ ಕಾರ್ಡು ಎಲ್ಲ ಆ ಮನೆಯ ಬೀರುವಿನಲ್ಲೇ ಇವೆ. ಶಿಕ್ಷೆ ಇವಳಿಗೆ ಮೊದಲೇ ಆಗಿದೆ.

ವಕೀಲ: ಒಪ್ಪಿದೆ. ಹೆಂಡತಿಗೆ ಗಂಡ, ಅವನ ಮನೆಯವರು ಕೊಡುವ ಕಿರುಕುಳವನ್ನು ಅಪರಾಧವಾಗಿಸಿದ ಐಪಿಸಿ 498ಎ ಕಲಮನ್ನು 1983ರಲ್ಲಿ ತಂದದ್ದೇ ಇಂಥವರಿಗಾಗಿ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಮೂರು ವರ್ಷದವರೆಗೆ ಜೈಲು, ಜಾಮೀನುರಹಿತ. ಆದರೆ ಹಾಸಿಗೆ ಹಿಡಿದ ಅಜ್ಜ-ಅಜ್ಜಿಯರನ್ನೂ ಹಿಡಿದು ತರುವ ಮಟ್ಟಕ್ಕೆ ಅದರ ಬಳಕೆ ಹೋಯಿತು. 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹೇಳಿತು. ಕಾರಣ ಬರೆಯದೆ ಬಂಧಿಸಬೇಡಿ, ಅಗತ್ಯವಿಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಸಿ ಅಂದಿತು. ಅದು ಕೂಡ ನಿರೀಕ್ಷಣಾ ಜಾಮೀನಿಗಾಗಿ ಹೋದ ಗಂಡನ ಕೇಸೇ.

ಸಮಾಲೋಚಕಿ: ತೀರ್ಪು ಸರಿ. ಠಾಣೆಗೆ ಬರುವಷ್ಟರಲ್ಲಿ ಅದು ‘ಅರೆಸ್ಟ್ ಮಾಡೋ ಹಾಗಿಲ್ಲಮ್ಮ, ರಾಜಿ ಮಾಡ್ಕೊ’ ಅಂತಾಗುತ್ತದೆ. ಬಂಧಿಸಬೇಡಿ ಅಂದರೆ ತನಿಖೆಯನ್ನೇ ಕೈಬಿಡಿ ಅಂತಲೇ?

ವಕೀಲ: ಖಂಡಿತ ಅಲ್ಲ. ಜಾಮೀನು ಕೊಡುವಾಗಲೂ ಕೋರ್ಟು ಷರತ್ತು ಹಾಕಬಹುದು: ಕರೆದಾಗ ತನಿಖೆಗೆ ಬರಬೇಕು, ಸಾಕ್ಷಿಗಳನ್ನು ಬೆದರಿಸಬಾರದು. ಮುರಿದರೆ ರದ್ದತಿಗೆ ಅರ್ಜಿ ಹಾಕಬಹುದು.

ಸಮಾಲೋಚಕಿ: ‘ಹೆಂಡತಿ ಜೊತೆ ಬಾಳುತ್ತೇನೆ’ ಅಂತ ಬರೆದುಕೊಟ್ಟರೆ ಜಾಮೀನು ಅನ್ನುವ ಷರತ್ತು? ನನಗೆ ಅದನ್ನು ಕೇಳಿದರೇ ಮೈ ಉರಿಯುತ್ತದೆ.

ವಕೀಲ: ಪಟ್ನಾ ಹೈಕೋರ್ಟ್ ಹಾಕಿದ್ದ ಅಂಥ ಷರತ್ತನ್ನು ಸುಪ್ರೀಂ ಕೋರ್ಟ್ 2024ರಲ್ಲಿ ತೆಗೆದುಹಾಕಿತು. ಅವನ ಬಿಡುಗಡೆಗೆ ಇವಳನ್ನು ಒತ್ತೆ ಇಡುವುದು ನ್ಯಾಯವಲ್ಲ. ಜೈಲಿಗೆ ಹೆದರಿ ಕರೆದುಕೊಂಡು ಹೋದವನು ಆ ಸಿಟ್ಟನ್ನು ಯಾರ ಮೇಲೆ ತೀರಿಸುತ್ತಾನೆ, ಹೇಳಿ?

ಸಮಾಲೋಚಕಿ: ನಿಜ ಹೇಳಬೇಕೆಂದರೆ, ಅವನು ಜೈಲಿಗೆ ಹೋಗಲಿ ಅಂತ ಅವಳು ಒಮ್ಮೆಯೂ ಅನ್ನಲಿಲ್ಲ. ರಾತ್ರಿ ತವರಿಗೆ ಬಂದು ಬಾಗಿಲು ಒದ್ದರೆ ಏನು ಮಾಡಲಿ ಅನ್ನುತ್ತಾಳೆ. ಅವನ ಸ್ವಾತಂತ್ರ್ಯದ ಬಗ್ಗೆ ಇಷ್ಟು ಯೋಚಿಸುವ ಕಾನೂನು, ಇವಳು ಚಿಲಕ ತೆಗೆದಿಟ್ಟು ಮಲಗುವ ಸ್ವಾತಂತ್ರ್ಯದ ಬಗ್ಗೆ ಯೋಚಿಸಬೇಡವೇ?

ವಕೀಲ: ಯೋಚಿಸಿದೆ, ನಾವು ಬಳಸುವುದು ಕಡಿಮೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ರಕ್ಷಣಾ ಆದೇಶ, ವಾಸದ ಹಕ್ಕು, ಜೀವನಾಂಶ ಎಲ್ಲ ಕೇಳಬಹುದು. ಬೀರುವಿನಲ್ಲಿರುವ ಅವಳ ಸಾಮಾನನ್ನೂ ವಾಪಸ್ ಕೊಡಿಸಬಹುದು. ಜಾಮೀನು ಏನಾಗುತ್ತೋ ನೋಡೋಣ ಅಂತ ಕಾಯುವುದೇ ತಪ್ಪು. ನಾಳೆಯೇ ಕರೆದುಕೊಂಡು ಬನ್ನಿ, ಅರ್ಜಿ ಹಾಕೋಣ. ರಕ್ಷಣಾ ಆದೇಶ ಮುರಿದರೆ ಅದೇ ಪ್ರತ್ಯೇಕ ಅಪರಾಧ: ಒಂದು ವರ್ಷದವರೆಗೆ ಜೈಲು, ಜಾಮೀನುರಹಿತ. ಅಲ್ಲಿಯವರೆಗೆ ಯಾವ ಹೊತ್ತಿನಲ್ಲಾದರೂ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಲು ಹೇಳಿ.